ಜರ್ಮನಿಗೆ ಹೋಗಿ ಕಾಫಿ ಕುಡಿಯಲು ಕಲಿತದ್ದು

ಕಕ್ಕಬೆಯ ಕಾಫಿ ತೋಟದಿಂದ ಜರ್ಮನಿಗೆ ಆಹಾರ ವಿಜ್ಞಾನ ಓದಲು ಹೋದವಳಿಗೆ ನಗೆಪಾಟಲಾಗುವುದೂ ಪಾಠದ ಭಾಗವೇ ಇರಬೇಕು. ಅಲ್ಲಿದ್ದಷ್ಟು ದಿನವೂ ಆಯಿತು, ವಾಪಸ್ ಬಂದ ಮೇಲೂ ನಿಂತಿಲ್ಲ.

ರುಚಿ ಪರೀಕ್ಷೆ

ಕಾಫಿಯ ರುಚಿ ಗುರುತಿಸುವ ಮೊದಲ ತರಗತಿ. “ಇವಳು ಕಾಫಿ ತೋಟದಲ್ಲೇ ಹುಟ್ಟಿದವಳು” ಎಂದು ಪ್ರೊಫೆಸರ್ ನನ್ನನ್ನು ಎಲ್ಲರಿಗೂ ಪರಿಚಯಿಸಿಬಿಟ್ಟರು. ಬಟ್ಟಲುಗಳಲ್ಲಿ ಕಪ್ಪು ಕಾಫಿ ಬಂತು. ಪಕ್ಕದವನು ಗುಟುಕರಿಸಿ “ಕಿತ್ತಳೆ” ಅಂದ. ಇನ್ನೊಬ್ಬಳು ಕಣ್ಣು ಮುಚ್ಚಿ “ಚಾಕೊಲೇಟ್, ಕೊನೆಗೆ ಸ್ವಲ್ಪ ಮಲ್ಲಿಗೆ” ಅಂದಳು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮ ಮನೆಯಲ್ಲಿ ಒಳ್ಳೆಯ ಬೀಜವೆಲ್ಲ ಮಾರಾಟಕ್ಕೆ, ಒಡಕು ನಮಗೆ, ಅದಕ್ಕೂ ಕೈತುಂಬ ಬೆಲ್ಲ. ನಾನು ಮತ್ತೆ ಮತ್ತೆ ಕುಡಿದು ನೋಡಿ ಹೇಳಿದೆ:

“ಸರ್, ಸಕ್ಕರೆ ಹಾಕೋದು ಮರೆತಿದ್ದೀರಿ.”

ಗಂಜಿ

ಚಳಿಗಾಲದಲ್ಲಿ ಜ್ವರ ಬಂದು ಮಲಗಿಬಿಟ್ಟೆ. ನನ್ನ ಮನೆ ಮಾಲಕಿ ಒಬ್ಬಂಟಿ ಮುದುಕಿ. ನನ್ನ ಫೋನಿನಿಂದ ಅಮ್ಮನಿಗೆ ವಿಡಿಯೊ ಕರೆ ಮಾಡಿದ್ದಾರೆ. ಇವರಿಗೆ ಜರ್ಮನ್ ಮಾತ್ರ, ಅಮ್ಮನಿಗೆ ನಮ್ಮ ಮನೆಮಾತು ಅರೆಭಾಷೆ ಮತ್ತು ಕನ್ನಡ. ಅಮ್ಮ ಅಕ್ಕಿ ತೋರಿಸಿ, ನೀರು ತೋರಿಸಿ, ಉಪ್ಪು ತೋರಿಸಿ ಪಾಠ ಹೇಳಿದ್ದಾರೆ. ನಾನು ಕಣ್ಣು ಬಿಟ್ಟಾಗ ಪಕ್ಕದಲ್ಲಿ ಬಿಸಿ ಗಂಜಿ. ಅಷ್ಟು ದೂರದ ಊರಿನಲ್ಲಿ ಅದನ್ನು ನೋಡಿ ಅಳುವೇ ಬಂತು.

“ಅಮ್ಮ ಹೇಳಿದ್ದು ಅರ್ಥವಾಯ್ತಾ?” ಎಂದು ಕೇಳಿದೆ.

“ಗಂಜಿಯದ್ದು ಅಷ್ಟಕ್ಕಷ್ಟೆ. ನಿನ್ನನ್ನ ಬೈದದ್ದು ಪೂರ್ತಿ ಅರ್ಥವಾಯ್ತು. ನಾನೂ ಸೇರಿ ಬೈದೆ!”

ಸೊರ್

ಓದು ಮುಗಿಸಿ ಊರಿಗೆ ಬಂದು, ಕಾಫಿ ಹಣ್ಣು ಒಣಗಿಸುವ ಕ್ರಮ ಬದಲಿಸೋಣ ಅಂದೆ. “ತೋಟದ ಒಂದು ಮೂಲೆ ಕೊಡ್ತೇನೆ. ಹಾಳಾದ್ರೆ ಅಲ್ಲಿಗೇ ನಿಲ್ಲಿಸ್ಬೇಕು” ಅಂದರು ಅಪ್ಪ.

ಆ ಮೂಲೆಯ ಕಾಫಿಯ ರುಚಿ ನೋಡಲು ವ್ಯಾಪಾರಿ ಬಂದ ದಿನ ನಾನೇ ಬಟ್ಟಲು ಜೋಡಿಸಿಟ್ಟೆ. ಈ ಕಸುಬಿನವರು ಚಮಚದಿಂದ ಸೊರ್ ಎಂದು ಜೋರಾಗಿ ಎಳೆದು ಕುಡಿಯಬೇಕು, ಆಗಲೇ ಪರಿಮಳ ಮೂಗಿಗೇರುವುದು. ವ್ಯಾಪಾರಿ ಎಳೆದರು, ಕಲಿತಂತೆ ನಾನೂ ಎಳೆದೆ. ಅಜ್ಜಿ ಅಡುಗೆಮನೆ ಬಾಗಿಲಲ್ಲಿ ಬೆರಗಾಗಿ ನಿಂತರು.

ವ್ಯಾಪಾರಿ ಚಮಚ ಕೆಳಗಿಟ್ಟು, “ಇದಷ್ಟೂ ನನಗೇ ಬೇಕು. ಮುಂದಿನ ವರ್ಷ ಇನ್ನೂ ಜಾಸ್ತಿ ಮಾಡಿ” ಅಂದರು. ಅಪ್ಪ ಒಮ್ಮೆ ಕೆಮ್ಮಿ, ಇಡೀ ತೋಟದ ಕಡೆ ಕೈ ಬೀಸಿ, “ಮಾಡ್ತಾಳೆ, ಮಾಡ್ತಾಳೆ” ಅಂದರು. ನನಗೆ ಕಲಿಸಿದವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದೆ.

ಅಷ್ಟರಲ್ಲಿ ಪಕ್ಕದಲ್ಲೇ ಕೂತಿದ್ದ ಅಜ್ಜ ತಮ್ಮ ಕಾಫಿ ಲೋಟ ಎತ್ತಿ, ನಮ್ಮಿಬ್ಬರಿಗಿಂತ ಜೋರಾಗಿ ಸೊರ್ ಎಂದು ಎಳೆದು ಅಜ್ಜಿಯ ಕಡೆ ತಿರುಗಿದರು:

“ಮದುವೆಯಾದಾಗಿಂದ ಬೈತಾ ಬಂದೆಯಲ್ಲ, ಈಗ ನೋಡು! ಇದನ್ನ ಕಲಿಯೋಕೆ ಮೊಮ್ಮಗಳು ಜರ್ಮನಿಗೆ ಹೋಗ್ಬೇಕಾಯ್ತು!”