ಕಾಕಾ ತೆಗೆದ ಹೂವು

ನಮ್ಮ ಕಾಕಾನಂಥ ಕೆಲಸಕ್ಕೆ ಬಾರದ ಫೋಟೋಗ್ರಾಫರ್ ಬಾಗಲಕೋಟೆಯಿಂದ ಹುನಗುಂದದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಸಿಗುವುದಾದರೂ ಹೇಗೆ? ಆಗ ಈ ಸೀಮೆಯಲ್ಲಿ ಇದ್ದವನೇ ಅವನೊಬ್ಬ!

ಗುಳೇದಗುಡ್ಡದ ಕುಪ್ಪಸದ ಖಣ ಮಾರಲು ಪುಣೆಗೆ ಹೋದವ, ಬರುವಾಗ ಹಳೆಯದೊಂದು ಕ್ಯಾಮೆರಾ, ಅದರ ಮುಕ್ಕಾಲಿ, ಚಿತ್ರ ಮೂಡುವ ಗಾಜಿನ ತಟ್ಟೆಗಳನ್ನು ಹೊತ್ತು ಬಂದ. ಓಣಿಯ ಹಿರಿಯರೆಲ್ಲ ರುಮಾಲು ಸುತ್ತಿ, ಮೀಸೆ ತಿರುವಿ ಕಟ್ಟೆಯ ಮೇಲೆ ಸಾಲಾಗಿ ಕೂತರು. "ನಿಮ್ಮ ಮಾರಿ ದಿನಾ ನೋಡ್ತೇನಲ್ಲ, ಸಾಲದೇನು?" ಎಂದುಬಿಟ್ಟ ಕಾಕಾ!

ಅವನಿಗೆ ಬೇಕಾಗಿದ್ದು ಒಂದು ಹೂವು. ಅವನ ಹೆಂಡತಿ, ನಮ್ಮ ಕಾಕು, ಬಾದಾಮಿ ಕಡೆಯ ಹೆಣ್ಣು. ಕಾಲು ಸ್ವಾಧೀನ ತಪ್ಪಿ ಹಾಸಿಗೆ ಹಿಡಿದ ಮೇಲೆ ಒಮ್ಮೆ, "ಯುಗಾದಿ ಹೊತ್ತಿಗೆ ಮಹಾಕೂಟದ ಅಡವ್ಯಾಗ ವಿಷ್ಣುಕ್ರಾಂತಿ ಅರಳಿರತಾವ. ಇನ್ನ ನಾ ಎಲ್ಲಿ ನೋಡ್ತೇನಿ?" ಅಂದಿದ್ದಳು. ಉಗುರಿನಷ್ಟು ನೀಲಿ ಹೂವು ಅದು. ಹರಿದು ತಂದರೆ ದಾರಿಯಲ್ಲೇ ಮುದುಡುತ್ತದೆ. "ಇದ್ದಲ್ಲೇ ಹ್ಯಾಂಗ ಐತಿ ಹಾಂಗ ತಂದು ತೋರಸ್ತೇನಿ," ಎಂದು ಕಾಕಾ ಮಾತು ಕೊಟ್ಟ.

ನಾನೋ, ಮನೆತನದಲ್ಲೇ ಮೊದಲ ಬಿ.ಎ.! ಮಠದ ಅನ್ನ ಉಂಡು, ಮಂದಿಯ ದೀಪದಲ್ಲಿ ಓದಿ ಗಳಿಸಿದ ಪದವಿ. ಅದನ್ನು ಹೊತ್ತು ಊರಿಗೆ ಬಂದವನಿಗೆ ಸಿಕ್ಕ ಮೊದಲ ನೌಕರಿ ಯಾವುದು ಗೊತ್ತೇ? ಆ ಹೂವು ಅಲುಗದಂತೆ ಧೋತರ ಹಿಡಿದು ಗಾಳಿಗೆ ಅಡ್ಡ ನಿಲ್ಲುವುದು!

ನಸುಕಿನಲ್ಲೇ ಅಡವಿ ಸೇರಿದೆವು. ಎಲೆಗಳ ಸಂದಿನಿಂದ ಎಳೆಬಿಸಿಲು ಇಳಿಯುತ್ತ, ಒಂದು ಕಲ್ಲು ಸವರಿ, ಒಂದು ಹುಲ್ಲು ಸವರಿ, ಏನೂ ಅವಸರವಿಲ್ಲದಂತೆ ಹೂವಿನ ಕಡೆ ಬರುತ್ತಿತ್ತು. ಕಾಕಾ ಕರಿಬಟ್ಟೆಯೊಳಗೆ ತಲೆ ಹಾಕಿ, ಮಂಡಿಯೂರಿ ಕಾಯುತ್ತಿದ್ದ. ಕ್ಯಾಮೆರಾದ ಕಣ್ಣಿನ ಮುಚ್ಚಳ ತೆಗೆದ ಮೇಲೆ ಹೊತ್ತು ಅಳೆಯಲು ಅವನದು ಗಡಿಯಾರವಲ್ಲ, "ಓಂ ನಮಃ ಶಿವಾಯ" ಜಪ. ಜಪ ಮುಗಿಯುವವರೆಗೆ ಹೂವು ಅಲುಗಬಾರದು. ಅದೋ, ಪುರಾಣ ಕೇಳುವ ಮುದುಕರಂತೆ ತಲೆಯಾಡಿಸಿಯೇ ಆಡಿಸುತ್ತಿತ್ತು! ತಟ್ಟೆಗಳೆಲ್ಲ ಹೀಗೇ ಕೆಟ್ಟು, ಒಂದೇ ಒಂದು ಉಳಿಯಿತು.

ಅಷ್ಟರಲ್ಲಿ ಕಟ್ಟಿಗೆಗೆ ಬಂದ ಮುದುಕಿಯೊಬ್ಬಳು ನಿಂತು ಕೈಮುಗಿದಳು. "ಇದ್ಯಾವ ದೇವರೋ ಯಪ್ಪಾ, ಮೂರು ಕಾಲಿಂದು?"

"ದೇವರಲ್ಲಬೇ," ಕಾಕಾ ಬಟ್ಟೆಯೊಳಗಿಂದಲೇ ಅಂದ. "ಆ ಹೂವು ತೆಗೀಬೇಕಾಗೈತಿ."

"ಅಷ್ಟಕ್ಕ ಇಬ್ಬರು ಗಂಡಸೂರೇನು?"

ಹೊಲದಲ್ಲಿ ಕಸ ತೆಗೆದು ಪಳಗಿದ ಕೈ ನೋಡಿ! ಗಿಡವನ್ನು ಬೇರು ಸಮೇತ ಕಿತ್ತು ಕಾಕಾನ ಅಂಗೈಯಲ್ಲಿಟ್ಟಳು. "ತಗೋ, ತೆಗದೇನಿ."

ಕಾಕಾ ಕಿತ್ತ ಗಿಡವನ್ನೊಮ್ಮೆ, ಅವಳನ್ನೊಮ್ಮೆ ನೋಡಿ, "ಪುಣ್ಯಾ ಬರಲಿ ತಾಯಿ," ಎಂದ. ಮತ್ತೇನು ಅನ್ನಬೇಕು?

ಬಿಸಿಲೇರಿದರೆ ಈ ಹೂವು ಮುಚ್ಚಿಕೊಳ್ಳುತ್ತದೆ. ಬಂಡೆಯ ಮಗ್ಗುಲಲ್ಲಿ ಇನ್ನೊಂದನ್ನು ಹುಡುಕುವಷ್ಟರಲ್ಲಿ ಇಬ್ಬರೂ ಬೆವತಿದ್ದೆವು. ಬೆಳಕು ಬಂದು ಅದರ ಮೇಲೆ ಕೂತಿತು. ಗಾಳಿ ನಿಂತಿತು. ಅಡವಿಯೇ ನಿದ್ದೆ ಹೋದಂತೆ. ಕಾಕಾ ಮುಚ್ಚಳ ತೆಗೆದ.

ಜಪ ಅರ್ಧಕ್ಕೆ ಬಂದಿತ್ತು. ನನ್ನ ಕೈಯ ಧೋತರ ಪಟಪಟ ಎಂದಿತು.

ಮನೆಯಲ್ಲಿ ಚಿತ್ರವನ್ನು ಕಾಗದಕ್ಕೆ ಇಳಿಸಿ ನೋಡಿದರೆ ಬಂಡೆ ಸ್ಪಷ್ಟ, ಅದರ ಬಿರುಕೂ ಸ್ಪಷ್ಟ. ಹೂವಿನ ಜಾಗದಲ್ಲಿ ಹೊಗೆಯಂಥ ಒಂದು ಬಿಳಿ ಎಳೆ. ಕಾಕಾ ಅದನ್ನು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದ. ಕಡೆಗೆ, "ಕೆಟ್ಟೈತಿ. ಒಲಿಗೆ ಹಾಕ್ತೇನಿ," ಎಂದು ಎದ್ದ.

"ಕೊಡ್ರಿ ಇಲ್ಲೆ," ಎಂದು ಕಾಕು ಕೈ ಚಾಚಿದಳು.

ಬಹಳ ಹೊತ್ತು ನೋಡಿದಳು. ಆಮೇಲೆ ಹಾರಿಹೋಗುತ್ತಿದೆಯೇನೋ ಎಂಬಂತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಅರೆಮುಚ್ಚಿ, ಮೆಲ್ಲಗೆ ಅಂದಳು:

"ಗಾಳೀನೂ ತಂದೀರಲ್ರಿ!"