ಕೇಳಿದರೆ ಹೇಳುತ್ತೇನೆ

ಸುವಾರ್ತೆ ಸಾರಿ ಜನರನ್ನು ದೇವರ ಕಡೆ ತಿರುಗಿಸಿದವರನ್ನು ನೀವು ಕಂಡಿರಬಹುದು. ಸುವಾರ್ತೆ ಸಾರಿ, ಓಡುವ ಬಸ್ಸಿನಿಂದ ಪ್ರಯಾಣಿಕನನ್ನೇ ಕೆಳಗಿಳಿಸಿದವರನ್ನು ಕಂಡಿದ್ದೀರಾ? ಕಂಡಿಲ್ಲವಾದರೆ ಸುರಪುರಕ್ಕೆ ಬನ್ನಿ. ರಂಗಂಪೇಟೆಯಲ್ಲಿ ಕೊರಳಿಗೆ ಟೇಪು ಹಾಕಿಕೊಂಡು, ಕಿವಿಯ ಸಂದಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಹೊಲಿಗೆ ಯಂತ್ರ ತುಳಿಯುತ್ತ ಕುಳಿತಿರುತ್ತಾರೆ. ಅವರೇ ನಮ್ಮ ಸೋದರಮಾವ. ಹೆಸರು ಮಾತ್ರ ಕೇಳಬೇಡಿ. ಹೇಳಿದೆನೆಂದರೆ ಹೋದ ಕ್ರಿಸ್ಮಸ್ಸಿಗೆ ಕೊಟ್ಟ ನನ್ನ ಪ್ಯಾಂಟು ಬರುವ ಕ್ರಿಸ್ಮಸ್ಸಿಗೂ ತಯಾರಾಗುವುದಿಲ್ಲ!

ಮೊದಲು ಮಾವನ ದನಿಯ ವಿಷಯ ಹೇಳಬೇಕು. ಆ ಬಡಕಲು ದೇಹದೊಳಗೆ ಅಷ್ಟು ದೊಡ್ಡ ದನಿಯನ್ನು ದೇವರು ಯಾವ ಅಳತೆ ತೆಗೆದುಕೊಂಡು ಕೂರಿಸಿದನೋ! ಅವರು ಕಣ್ಣು ಮುಚ್ಚಿ ಮೆಲ್ಲಗೆ ಪ್ರಾರ್ಥನೆ ಮಾಡಿದರೆ ಪಕ್ಕದ ಮನೆಯ ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ. ನಮ್ಮ ಅತ್ತೆ, ಅಂದರೆ ಮಾವನ ಹೆಂಡತಿ, ಮದುವೆಯಾದ ದಿನದಿಂದ ಹೇಳುತ್ತಲೇ ಬಂದಿದ್ದಾರೆ: "ದೇವರಿಗೆ ಕಿವಿ ಚಲೋ ಅವ ಅಂತ ನೀವ ಹೇಳ್ತೀರಿ. ಮತ್ತ ಯಾಕ ಒದರ್ತೀರಿ? ಸಣ್ಣಗ ಬೇಡ್ಕೋರಿ!"

ಬಸ್ಸಿನ ಪ್ರಸಂಗ ನಡೆದು ಮೂವತ್ತು ವರ್ಷದ ಮೇಲಾಯಿತು. ಆಗ ಮಾವ ಏರುಜವ್ವನದವರು. ಕಂಡವರಿಗೆಲ್ಲ ಯೇಸುವಿನ ವಿಷಯ ಹೇಳಿಯೇ ತೀರಬೇಕೆಂಬ ಬಿಸಿ ತಲೆಗೇರಿತ್ತು. ಬಿರುಬೇಸಿಗೆಯ ಒಂದು ಮಧ್ಯಾಹ್ನ ಸುರಪುರದಿಂದ ಹುಣಸಗಿಯ ಬಸ್ಸು ಹತ್ತಿದ್ದಾರೆ. ಪಕ್ಕದಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಒಬ್ಬ ಕುರಿಗಾಹಿ. ಮಾವನಿಗೆ ಇನ್ನೇನು ಬೇಕು? ಕಳೆದುಹೋದ ಕುರಿಯ ಕಥೆ ಎತ್ತಿಕೊಂಡರು. ನೂರು ಕುರಿ ಇದ್ದ ಒಬ್ಬ ಮನುಷ್ಯ, ಅದರಲ್ಲಿ ಒಂದು ತಪ್ಪಿಸಿಕೊಂಡಿತು, ಅವನು ಉಳಿದ ತೊಂಬತ್ತೊಂಬತ್ತನ್ನೂ ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೊರಟ...

ಅಷ್ಟೇ! ಕುರಿಗಾಹಿ ದಡಕ್ಕನೆ ಎದ್ದು "ಏ ಕಂಡಕ್ಟರ್ರ, ಗಾಡಿ ನಿಂದರಸ್ರಿ!" ಎಂದು ಕೂಗಿದ. ಅಲ್ಲಿ ಊರಿಲ್ಲ, ನೆರಳಿಗೊಂದು ಗಿಡವಿಲ್ಲ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಧುಮುಕಿ, ಹಿಂದೆ ತಿರುಗಿಯೂ ನೋಡದೆ, ಬಂದ ದಾರಿಯಲ್ಲೇ ಸುರಪುರದ ಕಡೆ ಬಿರಬಿರನೆ ನಡೆದುಬಿಟ್ಟ.

ಕಂಡಕ್ಟರ್ ಬಾಗಿಲು ಎಳೆದುಕೊಂಡು ಬಂದು ಮಾವನ ಮುಂದೆ ನಿಂತನಂತೆ. "ಅಲ್ರೀ ಸಾಹೇಬ್ರ, ಅವ ಹುಣಸಗಿತನ ಟಿಕೇಟ ತಗೊಂಡಿದ್ದ. ನಿಮ್ಮ ಬಾಯಿಗಿ ಅಂಜಿ ಬಿಸಲಾಗ ಇಳದ ಹ್ವಾದ ನೋಡ್ರಿ. ಹುಣಸಗಿ ಬರೂತನ ಸುಮ್ನ ಕೂಡ್ರಿ. ಇಲ್ಲಂದ್ರ ಡ್ರೈವರೂ ಇಳದ ಹೋಗ್ತಾನ!"

ಬಸ್ಸಿಗೆ ಬಸ್ಸೇ ನಕ್ಕಿತು. ಮಾವ ನಗಲಿಲ್ಲ. ಉರಿಬಿಸಿಲಲ್ಲಿ ಸಣ್ಣದಾಗುತ್ತ ಹೋದ ಆ ಕಂಬಳಿಯನ್ನು ಕಿಟಕಿಯಿಂದ ಕಾಣುವ ತನಕ ನೋಡಿದರು. ಮನೆಗೆ ಬಂದವರೇ ಅತ್ತೆಯ ಮುಂದೆ ಆಣೆ ಮಾಡಿದರು. "ಇನ್ನ ಮ್ಯಾಲ ನಾನಾಗಿ ಯಾರಿಗೂ ಹೇಳಂಗಿಲ್ಲ. ಯಾರು ಕೇಳ್ತಾರ, ಅವರಿಗಷ್ಟ ಹೇಳ್ತೀನಿ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದರು: "ಚಲೋ ಆತು. ನೀವು ಬಾಯಿ ಮುಚ್ಚಿದ್ರ ದೇವರ ರಾಜ್ಯ ಲಗೂನ ಬರ್ತದ."

ಅಂದಿನಿಂದ ಆ ಕುರಿಯ ಕಥೆಯನ್ನು ಮಾವ ಎಲ್ಲಿಯೂ ಹೇಳಲಿಲ್ಲ. ಚರ್ಚಿನಲ್ಲಿ ಮಕ್ಕಳಿಗೆ ಹೇಳುವ ಸರದಿ ಬಂದರೂ ಬೇರೆ ಕಥೆ ಹೇಳಿ ಪಾರಾಗುತ್ತಿದ್ದರು. ಪಾಪ, ಆ ಕುರಿ ಮೂವತ್ತು ವರ್ಷ ಕಾಡಿನಲ್ಲೇ ಉಳಿಯಿತು!

ಆಣೆ ಮಾಡಿದ್ದೇನೋ ಸರಿ. ಆದರೆ ಹೇಳುವ ಹಂಬಲ ಎಲ್ಲಿಗೆ ಹೋಗಬೇಕು? ಯಾರಾದರೂ ಕೇಳಬೇಕಲ್ಲ! ಅದಕ್ಕೆ ಮಾವ ಒಂದು ಉಪಾಯ ಹೂಡಿದರು. ತಗಡಿನ ಬೋರ್ಡೊಂದಕ್ಕೆ ಬಿಳಿ ಬಣ್ಣ ಬಳಿಸಿ, ನೀಲಿ ಅಕ್ಷರದಲ್ಲಿ ಒಂದೇ ಸಾಲು ಬರೆಸಿ ಅಂಗಡಿಯ ಹಣೆಗೆ ಹೊಡೆಸಿದರು: "ಕೇಳಿದರೆ ಹೇಳುತ್ತೇನೆ."

ಇದನ್ನು ಓದಿದವನು ಒಳಗೆ ಬಂದು, "ಏನು ಹೇಳ್ತೀರಿ ಮಾಸ್ತರ್ರ?" ಎಂದು ಕೇಳಬೇಕು, ಮಾವ ಯಂತ್ರ ನಿಲ್ಲಿಸಿ ಶುರು ಮಾಡಬೇಕು. ಲೆಕ್ಕಾಚಾರ ಹಾಗಿತ್ತು. ಮೊದಲ ದಿನವೇ ಒಬ್ಬ ಬಂದ. ಬೋರ್ಡು ಓದಿದ. ಮಾವ ಯಂತ್ರ ನಿಲ್ಲಿಸಿದರು.

"ಮಾಸ್ತರ್ರ, ಹುಣಸಗಿ ಬಸ್ ಹೋತೇನ್ರಿ?"

ಬೇರೆಯವರಾಗಿದ್ದರೆ "ನನಗೇನು ಗೊತ್ತು" ಅನ್ನುತ್ತಿದ್ದರು. ಆದರೆ ಬೋರ್ಡು ಹೊಡೆಸಿಯಾಗಿದೆಯಲ್ಲ! ಸುಳ್ಳು ಬೋರ್ಡು ಹಾಕಿದ ಕ್ರೈಸ್ತ ಎನ್ನಿಸಿಕೊಳ್ಳುವುದುಂಟೇ? ಮಾವ ಎದ್ದು ಹೋಗಿ ಬಸ್ಸಿನ ವಿಷಯ ವಿಚಾರಿಸಿಕೊಂಡು ಬಂದು ಹೇಳಿದರು. ಮರುದಿನ ಇಬ್ಬರು ಬಂದರು. ಒಬ್ಬನಿಗೆ ಶಹಾಪುರದ ಕಣ್ಣಿನ ಡಾಕ್ಟರು ಯಾವ ವಾರ ಇರುತ್ತಾರೆಂದು ತಿಳಿಯಬೇಕಿತ್ತು, ಇನ್ನೊಬ್ಬಳಿಗೆ ಪಿಂಚಣಿ ಅರ್ಜಿಗೆ ಎಷ್ಟು ಫೋಟೋ ಹಚ್ಚಬೇಕೆಂದು. ಆರು ತಿಂಗಳಲ್ಲಿ ಮಾವ ರಂಗಂಪೇಟೆಯ ವಿಚಾರಣಾ ಕೇಂದ್ರವಾಗಿ ಹೋದರು! ಗೋಡೆಯ ಮೇಲೆ ರವಿಕೆ, ಅಂಗಿಗಳ ಚಿತ್ರ ಇರಬೇಕಾದ ಕಡೆ ಬಸ್ಸಿನ ವೇಳಾಪಟ್ಟಿ ಬಂತು.

ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದು ರೈತರು ಕೇಳತೊಡಗಿದಾಗ ಮಾವ ಅಂಗಡಿ ಮುಚ್ಚಿ ನೀರಾವರಿ ಕಚೇರಿಗೇ ಹೋಗಿ ಕೇಳಿಕೊಂಡು ಬರುತ್ತಿದ್ದರು. ಕೊನೆಗೊಂದು ದಿನ ಆ ಕಚೇರಿಯ ಗುಮಾಸ್ತರು ರೈತರಿಗೆ ಕೈ ಮುಗಿದರಂತೆ. "ಇಲ್ಲಿತನ ಯಾಕ ಬಂದ್ರಿ? ರಂಗಂಪೇಟಿ ಟೇಲರ್ ಮಾಸ್ತರ್ನ ಕೇಳ್ರಿ. ನಾ ಅವರಿಗಿ ಎಲ್ಲಾ ಹೇಳೀನಿ."

ಇದು ಹೋಗಲಿ. ಬಟ್ಟೆ ಹೊಲಿಸಲು ಬಂದ ಒಬ್ಬ ತಾಯಿ ಕೇಳಿದಳು: "ಯಣ್ಣಾ, ಮಗಳಿಗಿ ಕೆಂಭಾವ್ಯಾಗ ಒಂದು ವರ ನೋಡೀವಿ. ಹುಡುಗ ಹೆಂಗ ಅದಾನ?" ಮಾವನಿಗೂ ಕೆಂಭಾವಿಯ ವರನಿಗೂ ಏನು ಸಂಬಂಧ? ಆದರೂ ಸಂತೆಯ ದಿನ ಕೆಂಭಾವಿಗೆ ಹೋದರು. ಹುಡುಗನ ಓಣಿಯಲ್ಲಿ ವಿಚಾರಿಸಿದರು, ಅವನ ಕೈಯಲ್ಲೇ ಚಹಾ ಕುಡಿದರು, ಸಂಜೆ ಬಂದು ವರದಿ ಒಪ್ಪಿಸಿದರು. "ಹುಡುಗ ಬಂಗಾರ ಅದಾನ. ಚಟ ಇಲ್ಲ, ದುಡೀತಾನ. ಆದ್ರ ಅಂವ ಹಾಕ್ಕೊಂಡ ಅಂಗಿ ಅದಲಾ ತಂಗಿ, ಅದನ್ನ ಹೊಲದವ ಮನಷ್ಯಾ ಅಲ್ಲ!" ಮದುವೆಯ ಸಫಾರಿ ಮಾವನೇ ಹೊಲಿದರೆಂದು ಬೇರೆ ಹೇಳಬೇಕೇ?

ನಮ್ಮ ಚರ್ಚಿನಲ್ಲಿ ತಿಂಗಳಿಗೊಮ್ಮೆ ಎಲ್ಲರೂ ಎದ್ದು, ತಾವು ಯಾರಿಗೆ ಸುವಾರ್ತೆ ಹೇಳಿದೆವು ಎಂದು ಸಾಕ್ಷಿ ಹೇಳುವ ಪದ್ಧತಿ ಇದೆ. ಒಮ್ಮೆ ಮಾವ ಎದ್ದು ನಿಂತು ಘಂಟಾನಾದದಂಥ ದನಿಯಲ್ಲಿ, "ಈ ತಿಂಗಳದಾಗ ನನ್ನ ಹಂತ್ಯಾಕ ಅರವತ್ತು ಮಂದಿ ಬಂದು ಕೇಳ್ಯಾರ!" ಎಂದರು.

ಪಾಸ್ಟರ್ ಕುರ್ಚಿಯಿಂದ ಅರ್ಧ ಎದ್ದರು. "ಸ್ತೋತ್ರ! ಏನ್ ಕೇಳಿದ್ರು, ಮಾಸ್ತರ್ರ?"

"ಹೆಚ್ಚಿನವ್ರು ಬಸ್ಸಿಂದ ಕೇಳಿದ್ರು, ಅಯ್ಯನವರ."

ಪಾಸ್ಟರ್ ಮೆಲ್ಲಗೆ ಮತ್ತೆ ಕುಳಿತರು.

ಆದರೂ ಕಾದಿದ್ದ ಗಳಿಗೆ ಒಂದು ಸಲ ಬಾಗಿಲ ತನಕ ಬಂದಿತ್ತು. ಅವತ್ತು ನಾನೂ ಅಂಗಡಿಯಲ್ಲಿದ್ದೆ. ಶಹಾಪುರದಲ್ಲಿ ಮಾಸ್ತರಿಕೆ ಮಾಡುವ ನಾನು ಶನಿವಾರ ಶಾಲೆ ಬಿಟ್ಟೊಡನೆ ಮಾವನಲ್ಲಿಗೆ ಹೋಗುವುದು ವಾಡಿಕೆ. ನಡುವಯಸ್ಸಿನ ಒಬ್ಬರು ಬಂದು ತಲೆ ತಗ್ಗಿಸಿ ನಿಂತರು. "ಮಾಸ್ತರ್ರ, ಮನಸ್ಸಿಗಿ ಸಮಾಧಾನ ಇಲ್ರಿ. ಉಂಡದ್ದು ಮೈಗಿ ಹತ್ತವಲ್ದು, ನಿದ್ದಿ ಹತ್ತವಲ್ದು. ನೀವು ಖರೇ ಹೇಳ್ತೀರಿ ಅಂತ ಬಂದೀನಿ."

ಮಾವನ ಕಾಲು ಯಂತ್ರದ ಮೇಲೆ ಹಾಗೇ ನಿಂತಿತು. ಕೊರಳಿನ ಟೇಪು ತೆಗೆದು ಮಡಚಿಟ್ಟರು. ಒಂದು ಲೋಟ ನೀರು ಕುಡಿದರು. ಅಂಗಡಿಯ ಹಿಂದಿನ ಮನೆಯಲ್ಲಿದ್ದ ಅತ್ತೆಗೆ ಚಹಾ ಇಡಲು ಸನ್ನೆ ಮಾಡಿದರು. ನನ್ನ ಕಡೆ ನೋಡಿದ ಆ ನೋಟ! ಅಳಿಯಾ, ಬಂದೇಬಿಡ್ತು ನೋಡು ಎನ್ನುವ ಹಾಗೆ.

"ಕೇಳಪಾ ತಮ್ಮಾ. ಏನದ, ಬಿಚ್ಚಿ ಕೇಳು."

"ನಾಡದು ಮಗಳ ಮದವಿ ಅದ. ನನ್ನ ಸಫಾರಿ ಯಾವಾಗ ಕೊಡ್ತೀರಿ?"

ಚಹಾ ಇಡಲು ಹೇಳಿಯಾಗಿತ್ತಲ್ಲ, ಅವರು ಕುಡಿದೇ ಹೋದರು.

ಅವತ್ತು ಮಾವನ ಮುಖ ನೋಡಲಾಗದೆ ನಾನಂದೆ: "ಮಾವ, ನಾನ ಕೇಳ್ತೀನಿ. ನನಗರೆ ಹೇಳಿಬಿಡ್ರಿ."

"ನೀ ಮನ್ಯಾವ. ನಿನಗ ಎಲ್ಲಾ ಗೊತ್ತದ," ಎಂದರು ಮಾವ, ಸೂಜಿಗೆ ದಾರ ಪೋಣಿಸುತ್ತ. "ಗೊತ್ತಿದ್ದವ ಕೇಳಿದ್ರ ಅದು ಪರೀಕ್ಷಾ ಆಗ್ತದ, ಅಳಿಯಾ. ಗೊತ್ತಿಲ್ದವ ಕೇಳ್ಬೇಕು. ಭಾಳ ಮಂದಿ ಬ್ಯಾಡ. ಒಬ್ಬ. ತಾನಾಗಿ ಒಬ್ಬ ಕೇಳಿದ್ರ ಸಾಕು." ದಾರಕ್ಕೆ ಗಂಟು ಹಾಕುತ್ತ ಸೇರಿಸಿದರು: "ಅವತ್ತು ಬಸ್ಸಿನ್ಯಾಗ ಅಂವಗ ನೀರಡಿಕಿ ಆಗಿತ್ತೋ ಏನೋ. ಎಷ್ಟು ದೂರ ನಡದನೋ."

ಆಗ ನನಗೆ ತಿಳಿಯಿತು. ನಾವೆಲ್ಲ ಹಬ್ಬ ಹುಣ್ಣಿಮೆಯಲ್ಲಿ ಹೇಳಿ ಹೇಳಿ ನಗುತ್ತಿದ್ದ ಬಸ್ಸಿನ ಪ್ರಸಂಗದಲ್ಲಿ ಮಾವ ಇನ್ನೂ ಕಿಟಕಿಯ ಪಕ್ಕದಲ್ಲೇ ಕುಳಿತಿದ್ದರು.

ಈಗ ಎಲ್ಲರ ಕೈಗೂ ಮೊಬೈಲು ಬಂದಿದೆ, ಇನ್ನು ಮಾವನನ್ನು ಯಾರು ಕೇಳುತ್ತಾರೆ ಎಂದುಕೊಂಡಿದ್ದೆ. ಹೆಚ್ಚೇ ಆಯಿತು! ಮೊಬೈಲು ಹೇಳಿದ್ದು ಖರೆಯೋ ಸುಳ್ಳೋ ಎಂದು ಕೇಳಲು ಬರುತ್ತಾರೆ.

ಮೊನ್ನೆ ಬೇಸಿಗೆಯ ಒಂದು ಶನಿವಾರ. ಹೊಲಗಳಲ್ಲಿ ಕುರಿ ನಿಲ್ಲಿಸುವ ಕಾಲ. ಗೊಬ್ಬರವಾಗಲೆಂದು ರೈತರು ಮಂದೆಗಳನ್ನು ಕರೆಸಿಕೊಳ್ಳುತ್ತಾರೆ. ಮಾವ ಒಳಗೆ ಯಾರಿಗೋ ಫೋನಿನಲ್ಲಿ ಯಾದಗಿರಿಯ ರೈಲಿನ ವೇಳೆ ಹೇಳುತ್ತಿದ್ದರು. ಫೋನಿಲ್ಲದಿದ್ದರೂ ಯಾದಗಿರಿಗೆ ಕೇಳಿಸುತ್ತಿತ್ತು ಅನ್ನಿ. ಹೊರಗೆ ಕಂಬಳಿ ಹೊದ್ದ ಒಬ್ಬ ಮುದುಕ ನಡೆದು ಹೋಗುತ್ತಿದ್ದವನು ಗಕ್ಕನೆ ನಿಂತ. ಕಿವಿಗೊಟ್ಟ. ಆಮೇಲೆ ಬೋರ್ಡಿನ ಕಡೆ ನೋಡಿ, ಬಾಗಿಲಲ್ಲಿ ಕುಳಿತಿದ್ದ ನನ್ನನ್ನು ಕೇಳಿದ.

"ಯಪ್ಪಾ, ನನಗ ಓದಾಕ ಬರಂಗಿಲ್ಲ. ಏನ್ ಬರದಾರ ಅಲ್ಲಿ?"

"ಕೇಳಿದರೆ ಹೇಳುತ್ತೇನೆ ಅಂತ, ಅಜ್ಜಾ."

"ಏನ್ ಕೇಳಿದ್ರೂ ಹೇಳ್ತಾರೇನು?"

"ಏನ್ ಕೇಳಿದ್ರೂ. ಬಸ್ಸು, ದವಾಖಾನಿ, ಕಾಲುವಿ ನೀರು, ಏನರೆ ಕೇಳು."

ಮುದುಕ ಚಪ್ಪಲಿ ಬಿಟ್ಟು ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತ. ಮಾವ ಫೋನು ಇಟ್ಟು, ಅಭ್ಯಾಸದಂತೆ ಗೋಡೆಯ ವೇಳಾಪಟ್ಟಿಯ ಕಡೆ ಕಣ್ಣು ಹಾಯಿಸಿ, "ಹೇಳ್ರಿ ಯಜಮಾನ್ರ, ಯಾವೂರ ಬಸ್ ಬೇಕು?" ಎಂದರು.

"ಬಸ್ ಬ್ಯಾಡ. ದನಿ ಕೇಳಿ ಗುರ್ತು ಹತ್ತಿತು, ಅದಕ್ಕ ಬಂದೆ. ಹಿಂದಕ ನೀವು ಹುಣಸಗಿ ಬಸ್ಸಿನ್ಯಾಗ ಒಂದು ಕಥಿ ಹೇಳಾಕತ್ತಿದ್ರಿ. ನಾ ಅರ್ಧಕ್ಕ ಇಳದೆ. ಮುಂದ ಏನಾತ್ರಿ?"

ಮಾವನ ಬಾಯಿ ತೆರೆಯಿತು. ದನಿ ಬರಲಿಲ್ಲ. ನನಗೆ ತಿಳಿದ ಮಟ್ಟಿಗೆ ಅವರ ಜೀವಮಾನದಲ್ಲಿ ಅದೇ ಮೊದಲು. ಸ್ಟೂಲಿನ ಕಡೆ ಬಾಗಿ, "ನನ್ನ ಬಾಯಿಗಿ ಅಂಜಿ ಇಳದ್ಯಲ್ಲೋ ಅಣ್ಣಾ..." ಎಂದರು.

"ಅಂಜಿ?" ಮುದುಕ ಬೊಚ್ಚುಬಾಯಿ ಬಿಟ್ಟು ನಕ್ಕ. "ಯಾರ್ ಅಂದ್ರು? ತಂಗಿ ಮಗಳ ಮದವಿಗಿ ಹೊಂಟಿದ್ದೆ. ಹಿಂದಿನ ದಿನ ಒಂದು ಗಬ್ಬದ ಕುರಿ ತಪ್ಪಿತ್ತು. ಹೋದ್ರ ಹೋಗ್ಲಿ, ಹಿಂಡಿನ ತುಂಬ ಕುರಿ ಅವ ಅಂತ ಬಸ್ ಹತ್ತಿದ್ದೆ. ನೀವು ಬಾಜೂಕ ಕುಂತು, ಅಂವ ಒಂದು ಕುರಿ ಹುಡುಕ್ಕೋತ ಹ್ವಾದ ಅಂದ್ರಿ. ಕೂಡಾಕ ಆಗಲಿಲ್ಲ ನನಗ. ನಾ ಎಂಥಾ ಕುರಿ ಕಾಯಾವ ಅನಿಸ್ತು. ಇಳದು ಹೊಳ್ಳಿ ಹ್ವಾದೆ."

ಮಾವ ಕೈಯಲ್ಲಿದ್ದ ಬಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಸಿಕ್ತೇನು?"

"ನಂದು ಸಿಕ್ತು. ಹಳ್ಳದ ದಂಡ್ಯಾಗ ಜಾಲಿಕಂಟಿಗಿ ಸಿಕ್ಕೊಂಡಿತ್ತು. ಎರಡು ಮರಿ ಹಾಕ್ತು." ಮುದುಕ ಸ್ಟೂಲನ್ನು ಹತ್ತಿರ ಎಳೆದುಕೊಂಡ. "ನಿಮ್ಮ ಕಥ್ಯಾಗಿಂದು ಸಿಕ್ತೇನ್ರಿ? ಮರಿ ಕಾಯೂಮುಂದ ಎಷ್ಟೋ ಸಲ ನೆನಪಾಗ್ತಿತ್ತು. ಯಾರಿಗಿ ಕೇಳ್ಬೇಕು?"

ಮಾವ ಕಣ್ಣು ಒರೆಸಿಕೊಳ್ಳಲು ಯಾರದೋ ಹೊಸ ಅಂಗಿಯ ತೋಳನ್ನೇ ಬಳಸಿದರು. ಒಳಬಾಗಿಲಲ್ಲಿ ಅತ್ತೆ ಯಾವಾಗ ಬಂದು ನಿಂತಿದ್ದರೋ! ಮೂವತ್ತು ವರ್ಷ "ಸಣ್ಣಗ, ಸಣ್ಣಗ" ಎಂದು ಗದರಿದ ಅತ್ತೆ, ಸೆರಗಿನಲ್ಲಿ ಕೈ ಒರೆಸುತ್ತ ಅಂದರು: "ಹೇಳ್ರಿ ಮತ್ತ. ಅಣ್ಣಾರು ಕೇಳಾಕತ್ಯಾರಲ್ಲ."

ಮಾವ ಹೇಳಿದರು. ಎಷ್ಟು ಮೆಲ್ಲಗೆಂದರೆ ನಾನೂ ಅತ್ತೆಯೂ ಹತ್ತಿರ ಸರಿಯಬೇಕಾಯಿತು.

"ಸಿಕ್ತು, ಅಣ್ಣಾ. ಸಿಗೂತನ ಹುಡುಕಿದ. ಸಿಕ್ಕ ಮ್ಯಾಲ ಬಡೀಲಿಲ್ಲ, ಬೈಲಿಲ್ಲ. ಹೆಗಲ ಮ್ಯಾಲ ಹೊತ್ಕೊಂಡು ಬಂದ."

"ಮತ್ತ!" ಎಂದ ಮುದುಕ, ಕಸುಬು ಬಲ್ಲವನ ಗತ್ತಿನಲ್ಲಿ. "ದಣದ ಕುರಿ ನಡೀತದೇನು? ಹೆಗಲ ಮ್ಯಾಲನ ಹೊರಬೇಕು. ಆ ಮನಷ್ಯಾ ಯಾರ್ರಿ?"

ಮಾವ ನನ್ನ ಕಡೆ ನೋಡಿದರು. ಆಮೇಲೆ ಟೇಪು ತೆಗೆದು ಮಡಚಿಟ್ಟರು.

ಅಷ್ಟರಲ್ಲಿ ಬಾಗಿಲಿಗೆ ಯಾರೋ ಏದುಸಿರು ಬಿಡುತ್ತ ಬಂದು, "ಮಾಸ್ತರ್ರ, ಹುಣಸಗಿ ಬಸ್ ಹೋತೇನ್ರಿ?" ಎಂದರು.

ಮಾವನಿಗೆ ಕೇಳಿಸಲೇ ಇಲ್ಲ. ಅತ್ತೆ ತುಟಿಯ ಮೇಲೆ ಬೆರಳಿಟ್ಟು, "ಹೋದ್ರ ಹೋಗ್ಲಿ. ಬರ್ರಿ, ಕೂಡ್ರಿ," ಎಂದರು.