ನಾವು ಗೆದ್ದ ಒಂದೇ ಒಂದು ಸಲ

ಗೆಲ್ಲುವ ಟೀಮನ್ನು ಪ್ರೀತಿಸುವುದಕ್ಕೆ ವಿಶೇಷ ಗುಣವೇನೂ ಬೇಕಾಗಿಲ್ಲ. ಗೆದ್ದವರ ಹಿಂದೆ ಕೂಗುತ್ತ ಹೋಗುವುದು ಯಾರಿಗಾದರೂ ಬರುತ್ತದೆ. ಆದರೆ ವರ್ಷವರ್ಷವೂ ಸೋತು, ಬಸ್ಸಿನಿಂದಿಳಿದು, ಪೇಟೆಯ ದಾರಿ ಬಿಟ್ಟು ಸಂದಿಗೊಂದಿಯಲ್ಲಿ ಮನೆ ಸೇರುವ ಟೀಮೊಂದನ್ನು ಹನ್ನೊಂದು ವರ್ಷ ಬಿಡದೆ ಪ್ರೀತಿಸಬೇಕಾದರೆ ಒಂದೋ ವೈರಾಗ್ಯವಿರಬೇಕು, ಇಲ್ಲವೇ ಮೊಂಡುತನವಿರಬೇಕು. ನನ್ನಲ್ಲಿ ವೈರಾಗ್ಯವಿಲ್ಲವೆಂಬುದನ್ನು ನನ್ನ ಸೀರೆಯ ಟ್ರಂಕು ನೋಡಿದವರು ಯಾರಾದರೂ ಹೇಳಿಯಾರು. ಉಳಿದದ್ದು ಮೊಂಡುತನ. ಅದು ನನಗೆ ಹುಟ್ಟಿನಿಂದ ಬಂದದ್ದೋ, ಅತ್ತೆಯ ಸಹವಾಸದಿಂದ ಬಂದದ್ದೋ ಎಂಬ ಬಗ್ಗೆ ಮಾತ್ರ ನನಗೂ ನಮ್ಮವರಿಗೂ ಇವತ್ತಿನವರೆಗೆ ಒಮ್ಮತವಾಗಿಲ್ಲ. ಇನ್ನು, ಬಳೆ ತೊಟ್ಟ ಕೈಯವಳಿಗೆ ವಾಲಿಬಾಲಿನ ಹುಚ್ಚು ಹೇಗೆ ಹತ್ತಿತು ಎಂದು ಕೇಳಿದರೆ, ಅದಕ್ಕೆ ಸಂಡಿಗೆಯೇ ಕಾರಣ.

ಮೇಡ್ಲೇರಿಯ ನಾನು ಬ್ಯಾಡಗಿಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ನಮ್ಮವರು ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ ಗಂಗವ್ವ. ಮನೆಯ ಹಿಂದಿನ ಗೋಡೆಗೆ ಹತ್ತಿಕೊಂಡೇ ಒಂದು ಖಾಲಿ ಜಾಗವಿತ್ತು. ಅಲ್ಲಿ ಎರಡು ಕಂಬ ಹುಗಿದು, ತೂತುಬಿದ್ದ ನೆಟ್ಟು ಕಟ್ಟಿ, ಓಣಿಯ ಹುಡುಗರು ಸಂಜೆ ವಾಲಿಬಾಲ್ ಆಡುತ್ತಿದ್ದರು. ಹುಡುಗರೆಂದರೆ ಸಣ್ಣವರಲ್ಲ, ಎಲ್ಲರೂ ದುಡಿಯುವವರೇ. ಒಬ್ಬ ಕಂಪೌಂಡರು, ಇಬ್ಬರು ಹಮಾಲರು, ಇಬ್ಬರು ಅಂಗಡಿಯವರು. ಆರನೆಯವನು, ಅಂದರೆ ಅವರ ಕ್ಯಾಪ್ಟನ್ನು, ಟೇಲರ್ ದಸ್ತಗೀರ. ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರ. ದಿನವಿಡೀ ಮಷಿನ್ನಿನ ಮುಂದೆ ಮುದುಡಿ ಕೂತದ್ದನ್ನೆಲ್ಲ ಸಂಜೆ ಒಮ್ಮೆಲೇ ಬಿಚ್ಚುವವನಂತೆ ನೆಟ್ಟಿನ ಮುಂದೆ ಜಿಗಿಯುತ್ತಿದ್ದ. ಅವನು ಹೊಡೆದ ಚೆಂಡು ಅಂಕಣದೊಳಗೆ ಬಿದ್ದರೆ ಎದುರಿನವರಿಗೆ ಕಷ್ಟ, ಹೊರಗೆ ಹೋದರೆ ನಮಗೆ ಕಷ್ಟ. ಏಕೆಂದರೆ ಹೊರಗೆ ಎಂದರೆ ನಮ್ಮ ಮಾಳಿಗೆ.

ನಾನು ಬಂದ ಮೊದಲ ಬೇಸಿಗೆ. ಅತ್ತೆ ನಸುಕಿನಲ್ಲೆದ್ದು ಅಕ್ಕಿಹಿಟ್ಟು ಕುದಿಸಿ, ಮಾಳಿಗೆಯ ಮೇಲೆ ಹಳೆಯ ಧೋತರ ಹಾಸಿ, ಸಾಲುಸಾಲಾಗಿ ಸಂಡಿಗೆ ಇಟ್ಟಿದ್ದರು. ಸಂಜೆ ದಸ್ತಗೀರನ ಚೆಂಡು ಬಂದು ಆ ಸಾಲುಗಳ ನಡುವೆ ಮೂರು ಸಲ ಪುಟಿದು ನಿಂತಿತು. ಅತ್ತೆ ಕೂಗಾಡಲಿಲ್ಲ. ಚೆಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಕೆಳಗೆ ತಂದು ಜೋಳದ ಚೀಲಗಳ ಹಿಂದೆ ಇಟ್ಟುಬಿಟ್ಟರು. ದಸ್ತಗೀರ ಬಂದು ಕೈಮುಗಿದ.

"ದೊಡ್ಡವ್ವಾರ, ತಪ್ಪಾತ್ರಿ. ಚೆಂಡ ಕೊಡ್ರಿ."

"ಮೊದಲ ಸಂಡಿಗಿ ಇಟ್ಟ ಕೊಡು. ಆಮ್ಯಾಲೆ ಚೆಂಡ ಒಯ್ಯಿ," ಎಂದರು ಅತ್ತೆ.

ನಾಲ್ಕು ದಿನ ಚೆಂಡು ಜೋಳದ ಹಿಂದೆಯೇ ಇತ್ತು. ಐದನೆಯ ದಿನ ದಸ್ತಗೀರ ಮತ್ತೆ ಬಂದ. ಈ ಸಲ ಕೈಮುಗಿಯಲಿಲ್ಲ, ಹೊಸ್ತಿಲಾಚೆ ತಲೆ ತಗ್ಗಿಸಿ ನಿಂತ.

"ದೊಡ್ಡವ್ವಾರ, ನಿನ್ನೆ ಹಾವೇರ್ಯಾಗ ಸೋತ ಬಂದ್ವಿರಿ. ನಮಗ ಇರೋದ ಒಂದ ಚೆಂಡ. ನಾಕ ದಿನ ಬರೇ ಗಾಳ್ಯಾಗ ಕೈ ಬೀಸಿ ಪ್ರಾಕ್ಟೀಸ್ ಮಾಡಿದ್ವಿ. ನಿಮಗೇನ ಅನ್ನಂಗಿಲ್ರಿ, ನಮ್ಮ ನಸೀಬ."

ಅತ್ತೆಗೆ ಅವರ ಜೀವಮಾನದಲ್ಲಿ ಯಾರೂ ಇಂಥ ಅಪವಾದ ಹೊರಿಸಿರಲಿಲ್ಲ. ತನ್ನಿಂದ ಒಂದು ಊರೇ ಸೋತಿತಲ್ಲ ಎಂದು ಕೂತುಬಿಟ್ಟರು. ಆಮೇಲೆ ಎದ್ದು ಚೆಂಡನ್ನು ತಂದು, ಸೆರಗಿನಿಂದ ಒರೆಸಿ ಕೊಟ್ಟರು. ಜೊತೆಗೆ ಕರಿದ ಸಂಡಿಗೆಯ ಒಂದು ಪೊಟ್ಟಣ. ಮರುದಿನ ಸಂಜೆ ನೋಡುತ್ತೇನೆ, ಮಾಳಿಗೆಯ ಅಂಚಿನಲ್ಲಿ ಮಣೆ ಹಾಕಿಕೊಂಡು ಅತ್ತೆ ಕೂತಿದ್ದಾರೆ.

"ಏನ್ರಿ ಅತ್ತಿ, ಇಲ್ಲಿ ಕುಂತೀರಿ?"

"ಸಂಡಿಗಿ ಕಾಯಾಕ," ಎಂದರು. ಅವತ್ತು ಮಾಳಿಗೆಯ ಮೇಲೆ ಒಂದು ಸಂಡಿಗೆಯೂ ಇರಲಿಲ್ಲ.

ಹೀಗೆ ಶುರುವಾಯಿತು ನಮ್ಮ ಅಭಿಮಾನ. ಅತ್ತೆಯ ಪಕ್ಕದಲ್ಲಿ ಎರಡನೆಯ ಮಣೆ ಹಾಕಿಕೊಂಡು ನಾನೂ ಕೂತೆ. ಸೊಪ್ಪು ಸೋಸುವುದು, ಅವರೆಕಾಯಿ ಸುಲಿಯುವುದು, ಎಲ್ಲ ಕೆಲಸವೂ ಸಂಜೆಯ ಹೊತ್ತಿಗೆ ಮಾಳಿಗೆ ಹತ್ತಿತು. ಒಂದೇ ವರ್ಷದಲ್ಲಿ ಅತ್ತೆಗೆ ಆಟದ ಒಳಗುಟ್ಟೆಲ್ಲ ತಿಳಿದುಹೋಯಿತು. "ಏ ಕಂಪೌಂಡರಾ, ಹಿಂದ ಸರಿಯೋ! ಅಲ್ಲೇನ ಸೂಜಿ ಹುಡುಕಾಕತ್ತೀಯೇನ?" ಎಂದು ಅವರು ಮೇಲಿನಿಂದ ಒದರಿದರೆ ಕಂಪೌಂಡರು ನಿಜವಾಗಿಯೂ ಹಿಂದೆ ಸರಿಯುತ್ತಿದ್ದ. ಸರಿದ ಮೇಲೆ ಚೆಂಡು ಮುಂದೆ ಬೀಳುತ್ತಿತ್ತು, ಆ ಮಾತು ಬೇರೆ.

ನಮ್ಮ ಟೀಮು ಕೆಟ್ಟ ಟೀಮಾಗಿರಲಿಲ್ಲ. ಇದನ್ನು ನಾನು ಯಾವ ಕಟ್ಟೆಯ ಮೇಲೆ ನಿಂತಾದರೂ ಹೇಳುತ್ತೇನೆ. ಪ್ರತಿವರ್ಷ ರಾಣೇಬೆನ್ನೂರಿನ ಪಂದ್ಯಾವಳಿಯಲ್ಲಿ ಫೈನಲ್ಲಿನವರೆಗೆ ಹೋಗಿ, ಅಲ್ಲಿ ರಾಣೇಬೆನ್ನೂರಿನವರ ಕೈಯಲ್ಲೇ ಸೋಲುತ್ತಿತ್ತು. ಸೋಲು ಒಂದೇ ತರಹದ್ದಾದರೂ ಕಾರಣಗಳು ಬೇರೆಬೇರೆ ಇರುತ್ತಿದ್ದವು. ಒಂದು ವರ್ಷ ಗಾಳಿ. ಒಂದು ವರ್ಷ ಸೂರ್ಯ ಕಣ್ಣಿಗೆ ಬಡಿದದ್ದು. ಒಂದು ವರ್ಷ ಹಮಾಲರಲ್ಲೊಬ್ಬನ ಮದುವೆ ಹಿಂದಿನ ವಾರವೇ ಆದದ್ದು. ನಮ್ಮೂರಿನಲ್ಲಿ ಆಡುವಾಗ ಮಾತ್ರ ನಮಗೊಂದು ಅನುಕೂಲವಿತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ ಊರ ತುಂಬ ಘಾಟು. ನಮಗದು ರೂಢಿ. ಬಂದವರು ಸರ್ವಿಸ್ ಮಾಡಲು ಕೈಯೆತ್ತಿದರೆ ಸೀನು ಬರುತ್ತಿತ್ತು. ಹಾಗೆ ಎರಡು ಮೂರು ಸ್ನೇಹದ ಪಂದ್ಯ ಗೆದ್ದೆವು. ಆಮೇಲೆ ಅವರು ಮೂಗಿಗೆ ವಸ್ತ್ರ ಕಟ್ಟಿಕೊಂಡು ಬರತೊಡಗಿದರು. ಅದೂ ಮುಗಿಯಿತು.

ಇಷ್ಟರಲ್ಲಿ ನನ್ನ ಪಾಲಿಗೆ ನಿಜವಾದ ಸಂಕಟ ಹುಟ್ಟಿತು. ನನ್ನ ತಮ್ಮ ವಿರೂಪಾಕ್ಷಿಗೆ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ರಾಣೇಬೆನ್ನೂರಿನಲ್ಲಿ ಬಾಡಿಗೆ ಖೋಲಿ ಮಾಡಿಕೊಂಡ, ಅಲ್ಲಿಯ ಟೀಮು ಸೇರಿದ. ಮೇಡ್ಲೇರಿಯ ಹೊಳೆಯಲ್ಲಿ ಈಜಿ ಬೆಳೆದ ಹುಡುಗ, ಭುಜ ಗಟ್ಟಿ. ನೆಟ್ಟಿನ ಮೇಲೆ ಎರಡು ಕೈ ಎತ್ತಿ ನಿಂತನೆಂದರೆ ದಸ್ತಗೀರನ ಹೊಡೆತವೂ ಗೋಡೆಗೆ ಬಡಿದಂತೆ ಹಿಂದಕ್ಕೆ ಬೀಳುತ್ತಿತ್ತು. ಇಷ್ಟು ವರ್ಷ ಯಾರೋ ನಮ್ಮನ್ನು ಸೋಲಿಸುತ್ತಿದ್ದರು. ಈಗ ನನ್ನ ಬೆನ್ನಿಗೆ ಬಿದ್ದವನೇ ಸೋಲಿಸತೊಡಗಿದ. ಸೋತ ದಿನ ಅತ್ತೆ ನನ್ನ ಕಡೆ ನೋಡದೆ, ಗೋಡೆಗೆ ಹೇಳಿದಂತೆ, "ಬೀಗರು ಚಲೋ ಉಡುಗೊರಿ ಕೊಟ್ರು," ಎನ್ನುತ್ತಿದ್ದರು.

ಒಂದು ವರ್ಷ ಫೈನಲ್ಲಿನ ಹಿಂದಿನ ದಿನ ಅವನು ಯಾವುದೋ ಕೆಲಸಕ್ಕೆಂದು ಬ್ಯಾಡಗಿಗೆ ಬಂದ. ಅತ್ತೆಯ ಮುಖ ಅರಳಿತು. ಅವತ್ತು ಹಬ್ಬವಲ್ಲ ಹುಣ್ಣಿಮೆಯಲ್ಲ, ಆದರೂ ಹೋಳಿಗೆಗೆ ಬೇಳೆ ಬೇಯತೊಡಗಿತು. "ಉಣ್ಣೋ ತಮ್ಮಾ, ಖೋಲ್ಯಾಗ ಏನ ಉಣತೀಯೋ ಏನೋ," ಎನ್ನುತ್ತ ಒಂದರ ಮೇಲೊಂದು ಬಡಿಸಿದರು. ಉದ್ದೇಶ ನನಗೆ ಅರ್ಥವಾಗಿತ್ತು. ಹೊಟ್ಟೆ ಭಾರವಾದವನು ಮರುದಿನ ಎಷ್ಟು ಜಿಗಿದಾನು? ಅಕ್ಕನಾದ ನಾನು ಎಚ್ಚರಿಸಬೇಕಿತ್ತು. ಎಚ್ಚರಿಸಲಿಲ್ಲ. ತುಪ್ಪದ ಗಿಂಡಿ ತಂದು ಹತ್ತಿರ ಇಟ್ಟವಳು ನಾನೇ. ಮರುದಿನ ಅವನು ಹಿಂದೆಂದೂ ಜಿಗಿಯದಷ್ಟು ಎತ್ತರ ಜಿಗಿದನಂತೆ. ಗೆದ್ದ ಮೇಲೆ ಹೇಳಿಕಳಿಸಿದ: "ಅತ್ತಿಯಾರಿಗೆ ಹೇಳ್ರಿ, ಅವರ ಹೋಳಿಗಿ ಉಂಡಿದ್ದಕ್ಕ ಕೈಯಾಗ ಬಲಾ ಬಂತು ಅಂತ." ಆಮೇಲೆ ನಮ್ಮ ಮನೆಯಲ್ಲಿ ಆರು ತಿಂಗಳು ಹೋಳಿಗೆ ಆಗಲಿಲ್ಲ.

ಹೀಗೆ ಸೋಲುತ್ತ ಸೋಲುತ್ತ ತೊಂಬತ್ತರ ದಶಕ ಬಂತು. ಒಂದು ಸಂಜೆ ಆಟ ಮುಗಿಸಿ ದಸ್ತಗೀರ ನಮ್ಮ ಕಟ್ಟೆಯ ಮೇಲೆ ನೀರು ಕುಡಿಯುತ್ತ ಕೂತ. ಮೊಣಕಾಲಿಗೆ ಬಟ್ಟೆ ಬಿಗಿದಿದ್ದ.

"ವೈನಿ, ಇದ ಕಡೀ ವರ್ಷರಿ. ಮೊಣಕಾಲ ಒಲ್ಲೆ ಅನ್ನಾಕತ್ತಾವ. ಜಾಗಾನೂ ಹೊಕ್ಕೈತಿ. ಸುಗ್ಗಿ ಮುಗಿದ ಮ್ಯಾಲೆ ಇಲ್ಲಿ ಗೋದಾಮ ಕಟ್ಟತಾರಂತ."

ನಾನು ತಂಬಿಗೆಯಲ್ಲಿ ಇನ್ನಷ್ಟು ನೀರು ತಂದಿಟ್ಟೆ. ಒಳಗಿದ್ದ ಅತ್ತೆ ಕೇಳಿಸಿಕೊಂಡಿದ್ದರು. ರಾತ್ರಿ ಊಟದ ಹೊತ್ತಿಗೆ ಮಗನಿಗೆ, "ಈ ಸಲ ನಾವೂ ರಾಣೇಬೆನ್ನೂರಿಗೆ ಹೊಕ್ಕೇವಿ," ಎಂದರು.

"ಹೆಣ್ಣಮಕ್ಕಳು ಅಲ್ಲಿ ಹೋಗಿ ಏನ ಮಾಡ್ತೀರಬೇ?" ಎಂದರು ನಮ್ಮವರು.

"ನೀ ದಿನಾ ಪ್ಯಾಟ್ಯಾಗ ಏನ ಮಾಡ್ತಿಯೋ ಅದನ್ನ. ಕುಂತು ನೋಡತೇವಿ."

ಟೀಮಿನವರ ಟೆಂಪೋದಲ್ಲೇ ಹೋದೆವು. ಮೋಟೆಬೆನ್ನೂರು ದಾಟುವವರೆಗೆ ಎಲ್ಲರೂ ಹಾಡಿದರು, ಆಮೇಲೆ ಎಲ್ಲರೂ ಸುಮ್ಮನಾದರು. ಮೈದಾನದಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಯಾರೋ ಪುಣ್ಯಾತ್ಮರು ನೆಟ್ಟಿಗೆ ನೇರವಾಗಿದ್ದ ಕಲ್ಲಿನ ಕಟ್ಟೆಯ ಮೇಲೆ ಜಾಗ ಮಾಡಿಕೊಟ್ಟರು. ಎದುರಿನ ಅಂಕಣದಲ್ಲಿ ನಿಂತಿದ್ದ ವಿರೂಪಾಕ್ಷಿ ನನ್ನನ್ನು ನೋಡಿ ನಕ್ಕ. ನಾನು ನಗಲಿಲ್ಲ.

ಮೊದಲ ಸೆಟ್ಟು ಅವರದು, ಎರಡನೆಯದು ನಮ್ಮದು. ಮೂರನೆಯದರಲ್ಲಿ ನಾವು ಹದಿನಾಲ್ಕು, ಅವರು ಹದಿಮೂರು, ಸರ್ವಿಸ್ ನಮ್ಮದು. ಗೆಲ್ಲಲು ಇನ್ನೊಂದೇ ಪಾಯಿಂಟು. ಚೆಂಡು ಅತ್ತಿಂದಿತ್ತ, ಇತ್ತಿಂದತ್ತ ನಾಲ್ಕು ಸಲ ಹೋಯಿತು. ಕಂಪೌಂಡರು ನೆಲಕ್ಕೆ ಬಿದ್ದು ಎತ್ತಿದ ಚೆಂಡು ಮೇಲಕ್ಕೆ ಬಂತು, ದಸ್ತಗೀರ ಆ ಮೊಣಕಾಲಿನ ಮೇಲೇ ಜಿಗಿದ, ಎದುರಿಗೆ ನನ್ನ ತಮ್ಮನ ಎರಡು ಕೈ ಮೇಲೆದ್ದವು. ಚೆಂಡು ಅವನ ಬೆರಳುಗಳ ಮೇಲಿನಿಂದ ಹಾಯ್ದು, ಹಿಂದಿನ ಗೆರೆಯಾಚೆ ಒಂದು ಮೊಳ ದೂರ ಬಿತ್ತು. ಅಂಪೈರು ಔಟ್ ಎಂದು ಕೈ ಮಾಡಿದ. ರಾಣೇಬೆನ್ನೂರಿನವರು ಕುಣಿದರು. ದಸ್ತಗೀರ ನಿಂತಲ್ಲೇ ಕೂತ.

ನಾನು ಎದ್ದು ನಿಂತದ್ದು ನನಗೆ ಗೊತ್ತಾಗಲಿಲ್ಲ. ಸೆರಗು ಬಿಗಿದುಕೊಂಡು, ಅಷ್ಟು ಗಂಡಸರ ನಡುವೆ, ತೊಟ್ಟಿಲಲ್ಲಿ ತೂಗಿದ ತಮ್ಮನ ಹೆಸರು ಹಿಡಿದು ಕೂಗಿದೆ.

"ವಿರೂಪಾಕ್ಷೀ! ನಿನ್ನ ಬೆರಳಿಗೆ ತಾಗೇತಿ! ನಾ ನೋಡೇನಿ! ಖರೇ ಹೇಳು!"

ಇಡೀ ಮೈದಾನ ನನ್ನ ಕಡೆ ತಿರುಗಿತು, ಆಮೇಲೆ ಅವನ ಕಡೆ. ವಿರೂಪಾಕ್ಷಿ ತನ್ನ ಕೈಯನ್ನೊಮ್ಮೆ ನೋಡಿಕೊಂಡ. ನನ್ನನ್ನೊಮ್ಮೆ ನೋಡಿದ. ನಿಧಾನವಾಗಿ ಕೈ ಮೇಲೆತ್ತಿ, "ಹೌದ್ರಿ, ತಾಗೇತಿ," ಎಂದ. ಎದುರಿನವರ ಕೈಗೆ ತಾಗಿ ಹೊರಗೆ ಬಿದ್ದ ಚೆಂಡು ಹೊಡೆದವರ ಲೆಕ್ಕಕ್ಕೆ. ಅಂಪೈರು ಪಾಯಿಂಟನ್ನು ನಮ್ಮ ಕಡೆ ತಿರುಗಿಸಿದ.

ಮುಂದಿನದು ಸರಿಯಾಗಿ ನೆನಪಿಲ್ಲ. ದಸ್ತಗೀರ ಮಕ್ಕಳಂತೆ ಅಳುತ್ತಿದ್ದದ್ದು ನೆನಪಿದೆ. ಟೆಂಪೋ ಊರು ಮುಟ್ಟಿದಾಗ ಈ ಸಲ ಪೇಟೆಯ ನಡುವಿನ ದಾರಿಯಲ್ಲೇ ಬಂದದ್ದು ನೆನಪಿದೆ. ಶೀಲ್ಡನ್ನು ಅವರು ಯಾರ ಅಂಗಡಿಯಲ್ಲೂ ಇಡಲಿಲ್ಲ. "ದೊಡ್ಡವ್ವಾರ, ಇದು ನಿಮ್ಮ ಮನ್ಯಾಗ ಇರ್ಲಿರಿ. ವೈನಿ ಗೆದ್ದದ್ದು," ಎಂದು ದಸ್ತಗೀರ ನಮ್ಮ ಪಡಸಾಲೆಯ ಗೂಡಿನಲ್ಲೇ ಇಟ್ಟ. ಅತ್ತೆ ಓಣಿಯ ಹೆಂಗಸರನ್ನೆಲ್ಲ ಕರೆದು ತೋರಿಸಿದರು. "ನಮ್ಮ ಸೊಸಿ ಕಣ್ಣಂದ್ರ ಹದ್ದಿನ ಕಣ್ಣ. ಅಂಪೈರಗ ಕಾಣದ್ದು ಈಕಿಗೆ ಕಂಡೇತಿ." ನಾನೂ ನಂಬಿದೆ.

ತಮ್ಮನ ಪಾಡು ಚೆನ್ನಾಗಿರಲಿಲ್ಲ. ಅವನ ಟೀಮಿನವರು ಮುಂದಿನ ವರ್ಷವಿಡೀ ಅವನನ್ನು ಆಡಿಸದೆ ಕೂರಿಸಿದರು. ಆ ಪಂಚಮಿಗೆ ತವರಿಗೆ ಹೋದರೆ ಅವ್ವ ಉಂಡಿ ಕೊಟ್ಟಳು, ಮಾತಾಡಿಸಲಿಲ್ಲ. ಹೊರಡುವಾಗ ಮಾತ್ರ, "ತಮ್ಮನ ಮಂದಿ ಮುಂದ ನಿಂದರ್ಸಿದೆಲ್ಲ, ಹೊಟ್ಟಿ ತಣ್ಣಗಾತಿಲ್ಲೋ?" ಎಂದಳು. ಸತ್ಯ ನನ್ನ ಕಡೆಗಿದೆ ಎಂಬ ಧೈರ್ಯದಲ್ಲಿ ನಾನು ತಲೆಯೆತ್ತಿಕೊಂಡೇ ಬಸ್ಸು ಹತ್ತಿದೆ.

ಗೋದಾಮು ಎದ್ದಿತು. ಮಾಳಿಗೆಯ ಮೇಲೆ ಕೂತರೆ ತಗಡು ಬಿಟ್ಟು ಬೇರೇನೂ ಕಾಣದಾಯಿತು. ಅದಾದ ಕೆಲವು ವರ್ಷಕ್ಕೆ ಅತ್ತೆ ಹೋದರು. ಆ ಶತಮಾನ ಮುಗಿಯುವ ಹೊತ್ತಿಗೆ ಒಂದು ದಿನ ವಿರೂಪಾಕ್ಷಿ ಬಂದಿದ್ದ. ಅವನಿಗೂ ಹೊಟ್ಟೆ ಬಂದಿತ್ತು, ಆಟ ಬಿಟ್ಟಿದ್ದ. ಇಬ್ಬರೂ ಹಸಿ ಶೇಂಗಾ ಸುಲಿಯುತ್ತ ಕೂತಿದ್ದೆವು. ಅವನು ಗೂಡಿನ ಕಡೆ ನೋಡಿ ನಕ್ಕ.

"ಅಕ್ಕಾ, ಒಂದ ಮಾತ ಹೇಳತೇನಿ, ಸಿಟ್ಟಿಗೇಳಬ್ಯಾಡ. ಆ ಚೆಂಡ ನನಗ ತಾಗಿರಲಿಲ್ಲ."

ನನ್ನ ಕೈಯಲ್ಲಿದ್ದ ಶೇಂಗಾ ಹಾಗೇ ನಿಂತಿತು. "ಮತ್ತ ಯಾಕ ತಾಗೇತಿ ಅಂದಿ?"

"ನೀ ಎದ್ದ ನಿಂತಿದ್ದಿ. ಅಷ್ಟ ಮಂದ್ಯಾಗ. ನಾ ಇಲ್ಲ ಅಂದ್ರ ನೀ ಸುಳ್ಳಿ ಆಕ್ಕಿದ್ದಿ. ಹೆಂಗ ಇಲ್ಲ ಅನ್ಲಿ?"

ಇಷ್ಟು ಹೇಳಿ ಅವನು ಶೇಂಗಾ ಬಾಯಿಗೆ ಹಾಕಿಕೊಂಡ. ನನಗೆ ನಗು ಬಂತೋ ಅಳು ಬಂತೋ, ಎರಡೂ ಬಂದವು. ಹನ್ನೊಂದು ವರ್ಷದಲ್ಲಿ ನಮ್ಮ ಟೀಮು ಫೈನಲ್ಲು ಗೆದ್ದದ್ದು ಒಂದೇ ಸಲ, ಅದನ್ನೂ ಗೆದ್ದುಕೊಟ್ಟವನು ಎದುರಾಳಿ ಟೀಮಿನವನು. ಅವತ್ತು ನನಗೆ ಕಂಡದ್ದು ಅವನ ಬೆರಳಲ್ಲ, ನನ್ನ ಆಸೆ. ಅವನು ಸಂಜೆಯ ಬಸ್ಸಿಗೆ ಹೊರಟ ಮೇಲೆ ಬಹಳ ಹೊತ್ತು ಗೂಡಿನ ಮುಂದೆ ನಿಂತಿದ್ದೆ. ನ್ಯಾಯವಾಗಿ ನೋಡಿದರೆ ಆ ಶೀಲ್ಡು ರಾಣೇಬೆನ್ನೂರಿನವರದು. ಕಳಿಸಿಬಿಡಬೇಕು. ದಸ್ತಗೀರನಿಗಾದರೂ ಹೇಳಬೇಕು. ಅವನ ಅಂಗಡಿಯ ಮುಂದೆ ವಾರಕ್ಕೆರಡು ಸಲ ಹಾಯುತ್ತೇನೆ. "ಆರಾಮದೀರೇನ್ರಿ ವೈನಿ?" ಎಂದು ಮಷಿನ್ನಿನಿಂದ ತಲೆಯೆತ್ತಿ ಕೇಳುತ್ತಾನೆ. ಹೇಳಲು ಬಾಯಿ ತೆರೆಯುತ್ತೇನೆ. ತೆರೆದ ಬಾಯಿಂದ, "ಈ ಜಂಪರ ಸ್ವಲ್ಪ ಸಡ್ಲ ಮಾಡಿ ಕೊಡಪಾ," ಎಂಬ ಮಾತಷ್ಟೇ ಹೊರಬರುತ್ತದೆ.